ಟೆಂಟು ಯಾರ ಚೀಲದಲ್ಲಿ

ದೊಡ್ಡಾಸ್ಪತ್ರೆಯ ನೆಲಮಾಳಿಗೆಯ ಉಗ್ರಾಣದಲ್ಲಿ ಅವಳು ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಸರಕು ಒದಗಿಸುವವನೊಬ್ಬ ಅವಳಿಗೆ ಚೆನ್ನಾಗಿ ಟೋಪಿ ಹಾಕಿದ. ಬ್ಯಾಂಡೇಜಿನ ಸುರುಳಿಗಳ ಹೊಟ್ಟೆಯೊಳಗೆ ದಪ್ಪ ರಟ್ಟಿನ ಕೊಳವೆ ಇಟ್ಟು, ಮೇಲೆ ನಾಲ್ಕು ಸುತ್ತು ಬಟ್ಟೆ ಸುತ್ತಿ ಕಳಿಸಿದ್ದ. ವಾರ್ಡಿನಲ್ಲಿ ಗಾಯಕ್ಕೆ ಕಟ್ಟುವಾಗ ಬಟ್ಟೆ ಅರ್ಧಕ್ಕೇ ಮುಗಿಯಿತು. ನರ್ಸುಗಳು ಮೆಟ್ಟಿಲಿಳಿದು ಬಂದು ಅವಳ ಮೇಲೆ ಹರಿಹಾಯ್ದರು. ಅಂದಿನಿಂದ ಅವಳು ತೂಕ ಹಾಕದೆ ಒಂದು ಹತ್ತಿಯ ಉಂಡೆಯನ್ನೂ ಒಳಗೆ ಬಿಟ್ಟುಕೊಂಡವಳಲ್ಲ. ಸೋಪಿನ ಡಬ್ಬ ಬಂದರೆ ತಳದ ಸಾಲಿನಿಂದಲೇ ಒಂದನ್ನು ಎಳೆದು ನೋಡುವಳು. ಹೊದಿಕೆಗಳ ಗಂಟು ಬಂದರೆ ಮೇಲಿನದನ್ನು ಬಿಟ್ಟು ನಡುವಿನದನ್ನು ಕಿತ್ತು ಬೆಳಕಿಗೆ ಹಿಡಿಯುವಳು. ಆಸ್ಪತ್ರೆಯವರು ಅವಳಿಗೆ ತಕ್ಕಡಿ ಅಕ್ಕ ಎಂದು ಹೆಸರಿಟ್ಟರು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ. ಅಕ್ಕನಿಗೆ ಬೇಸರವೇನೂ ಆಗಲಿಲ್ಲ. ಹೆಸರಿಟ್ಟವನು ಯಾರೆಂದು ಮಾತ್ರ ಪತ್ತೆಹಚ್ಚಿ, ಅವನಿಗೆ ಒಂದು ತಿಂಗಳು ಹೊಸ ಪೊರಕೆ ಕೊಡದೆ ಸತಾಯಿಸಿದಳು.

ಸಂಶಯ ಎನ್ನುವುದು ಕೆಲಸದ ಕೋಟಿನ ಹಾಗೆ ಸಂಜೆ ಬಿಚ್ಚಿ ಮೊಳೆಗೆ ನೇತುಹಾಕಿ ಬರುವಂಥದ್ದಲ್ಲ. ಅದು ಅವಳ ಜೊತೆ ಬಸ್ಸು ಹತ್ತಿ ಮನೆಗೂ ಬರುತ್ತಿತ್ತು. ಗ್ಯಾಸಿನ ಸಿಲಿಂಡರನ್ನು ಅಲ್ಲಾಡಿಸಿ ನೋಡದೆ ಬಾಗಿಲು ದಾಟಿಸುತ್ತಿರಲಿಲ್ಲ. ತಂಗಿಯ ಮದುವೆಗೆ ಮುಂಚೆ ವರನ ಕಚೇರಿಯ ಎದುರಿನ ಚಹಾದಂಗಡಿಯಲ್ಲಿ ಕೂತು, ಅವನು ಹೇಳಿದ ಹೊತ್ತಿಗೆ ಹೋಗಿ ಹೇಳಿದ ಹೊತ್ತಿಗೆ ಬರುತ್ತಾನೋ ಇಲ್ಲವೋ ಎಂದು ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದಳು. ತಾಯಿ ತಂದೆ ಬೇಗ ಹೋದ ಮನೆಯಲ್ಲಿ ಅವಳೇ ತಾಯಿ, ಅವಳೇ ತಂದೆ. ತಂಗಿಗೆ ಒಂದು ದಾರಿ ಮಾಡಿ ಉಸ್ಸೆಂದು ಕೂರುವ ಹೊತ್ತಿಗೆ ಅಕ್ಕನ ಕಿವಿಯ ಮೇಲೆ ನರೆಗೂದಲು ಹಣಿಕಿತ್ತು. ತನ್ನ ಮದುವೆಯ ಮಾತು ಬಂದಾಗಲೆಲ್ಲ ಗಂಡಿನಲ್ಲಿ ಏನಾದರೊಂದು ಐಬು ಸಿಕ್ಕೇ ಸಿಗುತ್ತಿತ್ತು. ಹುಡುಕುವವರಿಗೆ ಯಾರಲ್ಲಿ ಸಿಗುವುದಿಲ್ಲ?

ಹೀಗಿದ್ದವಳು ಆ ವಯಸ್ಸಿನಲ್ಲಿ ಮದುವೆಯಾದದ್ದು ಉಗ್ರಾಣದ ಲಿಫ್ಟು ಕೆಟ್ಟದ್ದರಿಂದ. ಹೊದಿಕೆಯ ಗಂಟುಗಳ ಜೊತೆ ಅವಳು ಎರಡು ಅಂತಸ್ತುಗಳ ನಡುವೆ ಸಿಕ್ಕಿಕೊಂಡಳು. ಲಿಫ್ಟ್ ಮೆಕ್ಯಾನಿಕ್ ಒಬ್ಬ ಬಂದು ಮೇಲಿನಿಂದ, "ಹೆದರ್ಬೇಡಿ ಮೇಡಂ, ಕೂತ್ಕೊಳ್ಳಿ. ನಾನಿಲ್ಲೇ ಇದೀನಿ," ಎಂದು ಆಗಾಗ ಹೇಳುತ್ತಾ, ನಿಧಾನಕ್ಕೆ ಚಕ್ರ ತಿರುಗಿಸಿ ಅವಳನ್ನು ಇಳಿಸಿದ. ಮಾತು ಕಡಿಮೆಯ, ಉದ್ದ ಕಾಲಿನ, ಬೆರಳ ಸಂದಿಯಲ್ಲಿ ಗ್ರೀಸು ಉಳಿದ ಮನುಷ್ಯ. ಮೊದಲ ಮದುವೆ ಮುರಿದು ಬಹಳ ಕಾಲವಾಗಿತ್ತು. ಅದಾದ ಮೇಲೆ ಕೆಟ್ಟಿರದ ಲಿಫ್ಟನ್ನೂ ನೋಡಲು ಆಗಾಗ ಬಂದ. ಮೊದಲ ಸಲ ಬೇಕೆಂದೇ ಲಿಫ್ಟು ಕೆಡಿಸಿದವನು ಇವನೇ ಇರಬಹುದೇ ಎಂಬ ಅನುಮಾನ ಅಕ್ಕನಿಗೆ ಮದುವೆಯ ದಿನದವರೆಗೂ ಇತ್ತು. ಆ ಅನುಮಾನ ಅವಳಿಗೆ ಸ್ವಲ್ಪ ಖುಷಿಯನ್ನೂ ಕೊಡುತ್ತಿತ್ತು ಎನ್ನುವುದನ್ನು ಇಲ್ಲಿ ಮುಚ್ಚಿಡುವುದೇಕೆ?

ಗಂಡನಿಗೆ ಇದ್ದ ಒಂದೇ ಒಂದು ಹುಚ್ಚು ಸೈಕಲ್ಲು. ಊರೊಳಗೆ ತರಕಾರಿ ತರುವ ಸೈಕಲ್ಲಲ್ಲ, ಚೀಲ ಕಟ್ಟಿಕೊಂಡು ವಾರಗಟ್ಟಲೆ ಊರಿಂದೂರಿಗೆ ಹೋಗುವ ಸೈಕಲ್ಲು. ಮದುವೆಯಾದ ಮರು ಬೇಸಿಗೆಯಲ್ಲಿ ಅವನು ಊಟದ ಮೇಜಿನ ಮೇಲೆ ನಕ್ಷೆ ಹಾಸಿ, ಬೆಟ್ಟ ದಾಟಿ ಸಮುದ್ರಕ್ಕೆ ಹೋಗುವ, ಅಲ್ಲಿಂದ ದಂಡೆ ಹಿಡಿದು ತುದಿಯ ದೀಪಸ್ತಂಭ ಮುಟ್ಟುವ ರಸ್ತೆಯ ಮೇಲೆ ಬೆರಳಾಡಿಸಿದ.

"ಒಂದು ತಿಂಗಳು ರಜೆ ಸಿಗುತ್ತಾ ನಿನಗೆ?" ಎಂದ.

"ನಾನಾ? ಸೈಕಲ್ ಮೇಲಾ? ಈ ವಯಸ್ಸಲ್ಲಾ?" ಎಂದು ಅಕ್ಕ ನಕ್ಕಳು. ಮರುದಿನವೇ ಹೋಗಿ ರಜೆಗೆ ಅರ್ಜಿ ಕೊಟ್ಟಳು. ಬದುಕಿಡೀ ಬೇರೆಯವರ ಸಾಮಾನು ಕಾಯುತ್ತಾ ಕೂತವಳು ಅವಳು. ಸಮುದ್ರವನ್ನು ಕ್ಯಾಲೆಂಡರಿನಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ. ಈ ಪ್ರಯಾಣ ಅವಳಿಗೆ ಎಷ್ಟು ಬೇಕಾಗಿತ್ತೆಂದರೆ, ಬೇಕು ಎಂದು ಬಾಯಿಬಿಟ್ಟು ಹೇಳಲೂ ಭಯವಾಗುತ್ತಿತ್ತು. ಗಂಡನ ಜೊತೆ ಹೋಗಿ ಗಂಡನ ಜೊತೆಯೇ ವಾಪಸು ಬಂದರೆ ಈ ಮದುವೆ ಗಟ್ಟಿ ಎಂದು ಅವಳ ಮನಸ್ಸು ತನ್ನಷ್ಟಕ್ಕೆ ತಾನೇ ಲೆಕ್ಕ ಹಾಕಿಬಿಟ್ಟಿತ್ತು.

ಸಿದ್ಧತೆ ಶುರುವಾಯಿತು. ಅಕ್ಕನಿಗೆ ಹದವಾದ ಎತ್ತರದ ಒಂದು ಸೈಕಲ್ಲು ಬಂತು. ಬೆಳಗಿನ ಹೊತ್ತು ಇಬ್ಬರೂ ಊರ ಹೊರಗಿನ ರಸ್ತೆಯಲ್ಲಿ ಅಭ್ಯಾಸಕ್ಕೆ ಹೋಗತೊಡಗಿದರು. ಗಂಡ ಮನೆಯಲ್ಲಿ ಪ್ರತಿಯೊಂದು ವಸ್ತುವನ್ನೂ ಅಡುಗೆಮನೆಯ ತಕ್ಕಡಿಯ ಮೇಲಿಟ್ಟು ತೂಗಿದ. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಗರಗಸದಿಂದ ಅರ್ಧ ಕೊಯ್ದ. ಸೋಪನ್ನು ನಾಲ್ಕು ಹೋಳು ಮಾಡಿ ಒಂದನ್ನು ಇಟ್ಟುಕೊಂಡ. ಅಂಗಿಗಳ ಕುತ್ತಿಗೆಯ ಪಟ್ಟಿ ಬಿಚ್ಚಿದ. ತೂಕ ಹಾಕುವ ಗಂಡು ಸಿಕ್ಕನಲ್ಲ ಎಂದು ಅಕ್ಕನಿಗೆ ಒಳಗೊಳಗೇ ಹಿಗ್ಗು. ಆದರೆ ಒಂದು ಗ್ರಾಂ ಉಳಿಸಲು ಇಷ್ಟು ಒದ್ದಾಡುವವನು, ಉಳಿದ ಭಾರವನ್ನೆಲ್ಲ ಒಂದೊಂದಾಗಿ ತನ್ನ ಸೈಕಲ್ಲಿನ ಚೀಲಗಳಿಗೇ ತುಂಬುತ್ತಿದ್ದಾನೆ ಎಂಬುದು ಕಣ್ಣಿಗೆ ಬಿದ್ದಾಗ ಅವಳ ಹುಬ್ಬು ಗಂಟಿಕ್ಕಿತು. ಟೆಂಟು ಅವನ ಸೈಕಲ್ಲಿಗೆ. ಸ್ಟವ್ವು, ಪಾತ್ರೆ ಅವನ ಸೈಕಲ್ಲಿಗೆ. ಅಕ್ಕಿ, ಬೇಳೆ, ಪಂಪು, ಪಾನಾ, ಔಷಧಿ, ಎಲ್ಲವೂ ಅಲ್ಲಿಗೇ.

"ನನ್ನ ಚೀಲಕ್ಕೆ ಏನು ಹಾಕ್ಲಿ?" ಎಂದು ಕೇಳಿದಳು.

"ನಿನ್ನ ಬಟ್ಟೆ ಹಾಕ್ಕೋ, ಸಾಕು."

"ಬರೀ ಬಟ್ಟೇನಾ?"

"ನೀನು ಹಗುರವಾಗಿರು. ಉಳಿದದ್ದು ನಾನು ನೋಡ್ಕೋತೀನಿ."

ಬೇರೆ ಹೆಂಡತಿಯಾಗಿದ್ದರೆ ಕರಗಿ ನೀರಾಗುತ್ತಿದ್ದಳೋ ಏನೋ. ಆದರೆ ಇವಳು ಉಗ್ರಾಣದವಳು. ಸಾಮಾನು ಯಾರ ಕೈಯಲ್ಲಿದೆಯೋ ಮಾತು ಅವರದ್ದೇ ಎಂಬುದನ್ನು ನೆಲಮಾಳಿಗೆಯಲ್ಲಿ ಕೂತು ಡಾಕ್ಟರುಗಳನ್ನೇ ಬಾಗಿಲ ಹೊರಗೆ ನಿಲ್ಲಿಸಿ ಕಲಿತವಳು. ನಾಳೆ ಯಾವುದೋ ಬೆಟ್ಟದ ನಡುವೆ ಈ ಮನುಷ್ಯ ಮುಂದೆ ಹೋಗಿಬಿಟ್ಟರೆ ತನ್ನ ಕೈಯಲ್ಲಿ ಉಳಿಯುವುದು ಎರಡು ಜೊತೆ ಬಟ್ಟೆ. ಉಣ್ಣಲು ಇಲ್ಲ, ಮಲಗಲು ಇಲ್ಲ, ಚಕ್ರಕ್ಕೆ ಗಾಳಿ ತುಂಬಲೂ ಇಲ್ಲ. ಛೇ, ಹಾಗೆಲ್ಲ ಯಾಕೆ ಮಾಡುತ್ತಾನೆ ಎಂದು ತನಗೆ ತಾನೇ ಹೇಳಿಕೊಂಡು ಸುಮ್ಮನಾದಳು.

ಸುಮ್ಮನಿರಲು ತಂಗಿ ಬಿಡಬೇಕಲ್ಲ. ಭಾನುವಾರ ಬಂದವಳು ಅಡುಗೆಮನೆಯ ಬಾಗಿಲು ಮುಂದಕ್ಕೆಳೆದು, ದನಿ ತಗ್ಗಿಸಿ ಹೇಳಿದಳು. "ಅಕ್ಕಾ, ಒಂದು ಮಾತು ಕೇಳ್ದೆ ಕಣೇ. ಭಾವನ ಮೊದಲ ಹೆಂಡತೀನೂ ಹೀಗೇ ಸೈಕಲ್ ಪ್ರವಾಸಕ್ಕೆ ಹೋಗಿದ್ಲಂತೆ. ಅರ್ಧ ದಾರಿಯಿಂದ ಒಬ್ಳೇ ಬಸ್ಸು ಹತ್ತಿ ವಾಪಸ್ ಬಂದ್ಲಂತೆ. ಆಮೇಲೆ ಆ ಮನೆಗೆ ಕಾಲಿಡ್ಲೇ ಇಲ್ವಂತೆ."

"ಯಾರು ಹೇಳಿದ್ದು?"

"ಯಾರಾದ್ರೂ ಹೇಳ್ಲಿ ಬಿಡು. ನಿನಗೆ ಅವರು ಹೇಳಿದಾರಾ ಇದನ್ನ?"

ಹೇಳಿರಲಿಲ್ಲ. ಮೊದಲ ಮದುವೆಯ ಬಗ್ಗೆ ಕೇಳಿದಾಗ, "ಸರಿಹೋಗ್ಲಿಲ್ಲ. ತಪ್ಪು ನಂದೇ ಜಾಸ್ತಿ," ಎಂದಷ್ಟೇ ಹೇಳಿ ಎದ್ದುಹೋಗಿದ್ದ. ಅಂದು ಅದು ದೊಡ್ಡ ಮನಸ್ಸಿನ ಮಾತಾಗಿ ಕೇಳಿಸಿತ್ತು. ಈಗ ಅದೇ ಮಾತನ್ನು ಅಕ್ಕ ಮಗುಚಿ ಹಾಕಿ ನೋಡಿದಳು. ತಪ್ಪು ನಂದೇ ಎಂದು ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವವರು ಮುಂದಿನ ಪ್ರಶ್ನೆ ಬಾರದಿರಲಿ ಎಂದೇ ಹಾಗೆ ಒಪ್ಪಿಕೊಳ್ಳುತ್ತಾರೆ. ರಟ್ಟಿನ ಕೊಳವೆಯ ಮನುಷ್ಯನೂ ಮೊದಲು ಹಾಗೇ ಕೈಮುಗಿದಿದ್ದ.

ಅಂದಿನಿಂದ ಅವಳ ಕಣ್ಣು ಗಂಡನ ಬೆನ್ನು ಬಿಡಲಿಲ್ಲ. ಅವನೋ ಮೊದಲೇ ಗುಮ್ಮನಗುಸಕ. ಅಭ್ಯಾಸದ ಸವಾರಿಗೆ ಹೋದರೆ ಯಾವಾಗಲೂ ಅವಳ ಹಿಂದೆಯೇ ಬರುತ್ತಿದ್ದ. ಉದ್ದ ಕಾಲಿನವನು, ಹುಟ್ಟು ಸವಾರ, ಹಿಂದೆ ಯಾಕೆ ಬರಬೇಕು? ತನ್ನ ಶಕ್ತಿ ಎಷ್ಟೆಂದು ಅಳೆಯುತ್ತಿದ್ದಾನೆಯೇ? ಎಲ್ಲಿಯ ತನಕ ಬರುತ್ತಾಳೆ, ಎಲ್ಲಿ ಕುಸಿಯುತ್ತಾಳೆ ಎಂದು ಗುರುತು ಹಾಕಿಕೊಳ್ಳುತ್ತಿದ್ದಾನೆಯೇ? ಅವಳು ತಟ್ಟನೆ ತಿರುಗಿ ನೋಡಿದರೆ ಅವನು ರಸ್ತೆಯಂಚಿನ ಹುಲ್ಲು ನೋಡುತ್ತಿರುವನು. ಅದಂತೂ ಇನ್ನೂ ಅನುಮಾನದ ವಿಷಯ. ಹುಲ್ಲಿನಲ್ಲಿ ನೋಡುವಂಥದ್ದು ಏನಿರುತ್ತದೆ?

ಹೊರಡಲು ಎರಡು ವಾರ ಉಳಿದಿದ್ದಾಗ ಅವಳಿಗೆ ಹಲ್ಲುಚಕ್ರ ಸಿಕ್ಕಿತು. ಗಂಡನ ಸೈಕಲ್ಲಿಗೆ ಪೆಡಲಿನ ಬಳಿ ಎರಡು ಹಲ್ಲುಚಕ್ರಗಳಿದ್ದವು. ದೊಡ್ಡದಕ್ಕೆ ಚೈನು ಏರಿಸಿದರೆ ಸೈಕಲ್ಲು ಹಾರುತ್ತದೆ, ಚಿಕ್ಕದಕ್ಕೆ ಇಳಿಸಿದರೆ ಏರು ಹತ್ತುತ್ತದೆ ಎಂದು ಅವನೇ ಅವಳಿಗೆ ಹೇಳಿಕೊಟ್ಟಿದ್ದ. ಬೆಟ್ಟದ ಚಳಿಗೆಂದು ಹೊದಿಕೆ ತೆಗೆಯಲು ಅಟ್ಟಕ್ಕೆ ಕೈಹಾಕಿದರೆ, ಹಳೆಯ ಟವೆಲಿನಲ್ಲಿ ಸುತ್ತಿಟ್ಟ ಆ ದೊಡ್ಡ ಚಕ್ರ ಠಣ್ ಎಂದು ಅವಳ ಪಾದದ ಪಕ್ಕ ಬಿತ್ತು. ಅಕ್ಕ ಅದನ್ನು ಕೈಯಲ್ಲಿ ಹಿಡಿದು ಅಂದಾಜಿಗೆ ತೂಗಿದಳು. ತೂಕ ಇಳಿಸಲೆಂದು ತೆಗೆದದ್ದಾದರೆ ಬ್ರಷ್ಷಿನ ಹಿಡಿಯ ಹಾಗೆ ಎದುರಿಗೇ ತೆಗೆಯುತ್ತಿದ್ದ. ಬಚ್ಚಿಟ್ಟದ್ದು ಯಾಕೆ?

"ರೀ, ನಿಮ್ಮ ಸೈಕಲ್ಲಿನ ದೊಡ್ಡ ಚಕ್ರ ಎಲ್ಲಿ?" ಎಂದು ಸಂಜೆ ಏನೂ ಗೊತ್ತಿಲ್ಲದವಳ ಹಾಗೆ ಕೇಳಿದಳು.

"ತೆಗೆಸ್ದೆ."

"ಯಾಕೆ?"

"ಬೇಡ ಅನ್ನಿಸ್ತು," ಎಂದವನು ಎದ್ದು ಕಿಟಕಿ ಮುಚ್ಚಿದ. ಗಾಳಿ ಬೀಸುತ್ತಿರಲಿಲ್ಲ, ಚಳಿಯೂ ಇರಲಿಲ್ಲ.

ಸಂಶಯವನ್ನು ಹೊಟ್ಟೆಯಲ್ಲಿಟ್ಟುಕೊಂಡು ನಿದ್ದೆ ಮಾಡುವ ಜಾಯಮಾನ ಅಕ್ಕನದಲ್ಲ. ಮೊದಲ ಹೆಂಡತಿ ಎಲ್ಲಿದ್ದಾಳೆ ಎಂದು ತಂಗಿಯ ಮೂಲಕ ವಿಚಾರಿಸಿದಳು. ಪೇಟೆಯ ಆಚೆ ತುದಿಯ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳಂತೆ. ಸರಿ, ಅಕ್ಕನ ಕಣ್ಣಿಗೆ ಒಮ್ಮೆಲೇ ಮಂಜು ಕವಿಯಿತು. ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಹೊರಟೇಬಿಟ್ಟಳು.

ಕಿರಿದಾದ ಕತ್ತಲ ಕೋಣೆ, ಎತ್ತರದ ಕುರ್ಚಿ, ಎದುರಿನ ಗೋಡೆಯ ಮೇಲೆ ಬೆಳಗುವ ಅಕ್ಷರಗಳು. ಬಿಳಿ ಕೋಟಿನ ಹೆಂಗಸು ಅಕ್ಕನ ಮೂಗಿನ ಮೇಲೆ ಭಾರದ ಚೌಕಟ್ಟು ಕೂರಿಸಿ ಒಂದೊಂದೇ ಗಾಜು ಬದಲಿಸಿದಳು. "ಇದು ಚೆನ್ನಾಗಿ ಕಾಣುತ್ತಾ? ಅಥವಾ ಇದಾ?" ಅಕ್ಕ ಅಕ್ಷರ ಬಿಟ್ಟು ಆ ಹೆಂಗಸಿನ ಮುಖವನ್ನೇ ನೋಡುತ್ತಿದ್ದಳು. ಸೊರಗಿದವಳಲ್ಲ, ನೊಂದವಳ ಹಾಗೂ ಇಲ್ಲ. ಕಪ್ಪಗೆ ಮಿಂಚುವ ಕಣ್ಣು, ಚುರುಕು ಕೈ. ಸ್ವಲ್ಪ ಹೊತ್ತಿಗೆ ಆ ಹೆಂಗಸು ಚೌಕಟ್ಟು ತೆಗೆದು ದೀಪ ಹಾಕಿದಳು.

"ನಿಮ್ಮ ಕಣ್ಣು ಸರಿಯಾಗೇ ಇದೆ. ನೀವು ಯಾರು ಅಂತಾನೂ ಗೊತ್ತಾಯ್ತು. ನಿಮ್ಮ ಮದುವೆ ಫೋಟೋ ಯಾರೋ ತೋರಿಸಿದ್ರು. ಏನು ಕೇಳೋಕೆ ಬಂದ್ರೋ ಕೇಳಿ."

ಇತರರನ್ನು ಹಿಡಿದು ಅಭ್ಯಾಸವಿದ್ದ ಅಕ್ಕನಿಗೆ ತಾನೇ ಸಿಕ್ಕಿಬಿದ್ದು ಅಭ್ಯಾಸವಿರಲಿಲ್ಲ. ಕೆನ್ನೆ ಬಿಸಿಯಾಯಿತು. ಆದರೂ ಕೇಳಿದಳು. "ಅರ್ಧ ದಾರಿಯಿಂದ ವಾಪಸ್ ಬಂದ್ರಂತೆ. ಏನು ಮಾಡಿದ್ರು ಅವರು?"

"ಏನೂ ಮಾಡ್ಲಿಲ್ಲ." ಹೆಂಗಸು ಸ್ಟೂಲು ಎಳೆದುಕೊಂಡು ಕೂತಳು. "ಬೈಲಿಲ್ಲ, ಹೊಡೀಲಿಲ್ಲ. ಮುಂದೆ ಹೋಗ್ತಿದ್ರು, ಅಷ್ಟೇ. ಏರು ಹತ್ತಿ ತುದೀಲಿ ನಿಂತು ಕಾಯ್ತಿದ್ರು. ನಾನು ಏದುಸಿರು ಬಿಟ್ಕೊಂಡು ಹೋಗಿ ಮುಟ್ಟಿದ ತಕ್ಷಣ 'ಬಂದ್ಯಾ? ನಡಿ ಹಾಗಾದ್ರೆ' ಅಂತ ಹತ್ತಿಬಿಡ್ತಿದ್ರು. ಕಾಯೋವಾಗ ಅವರಿಗೆ ದಣಿವಾರಿರ್ತಿತ್ತು. ನನಗೆ ಯಾವಾಗ ಆರ್ಬೇಕು? ಅದೇ ಅವರಿಗೆ ತಿಳೀಲಿಲ್ಲ. ಅಷ್ಟು ದಿನಾನೂ ನಾನು ನೋಡಿದ್ದು ಬರೀ ಅವರ ಬೆನ್ನು."

"ಹೇಳ್ಬೇಕಿತ್ತು ನೀವು."

"ಹೇಳೋಕೆ ಉಸಿರಿದ್ರೆ ತಾನೇ?" ಎಂದು ಅವಳು ನಕ್ಕಳು. ನಗು ಬೇಗ ಆರಿತು. "ಒಂದಿನ ಬಿಸಿಲಲ್ಲಿ ಬಾಯಾರಿ ನಿಂತೆ. ನೀರಿನ ಬಾಟ್ಲೀನೂ ಅವರ ಸೈಕಲ್ಲಲ್ಲೇ ಇತ್ತು. ಎಲ್ಲಾ ಅವರ ಹತ್ರಾನೇ. ನನಗೆ ಭಾರ ಆಗ್ಬಾರ್ದು ಅಂತ! ಎದುರಿಂದ ಒಂದು ಬಸ್ಸು ಬಂತು, ಕೈ ಅಡ್ಡ ಹಾಕ್ದೆ. ಅವರು ಮುಂದಿನ ಏರಿನ ತುದೀಲಿ ಸಂಜೆ ತನಕ ಕಾಯ್ತಾ ನಿಂತಿದ್ರಂತೆ."

ಅಕ್ಕ ಅಂಗಡಿಯಿಂದ ಹೊರಗೆ ಬಂದಾಗ ಬಿಸಿಲು ಕಣ್ಣು ಚುಚ್ಚಿತು. ಕೊಲೆ, ಕಳವು, ಕುಡಿತ, ಇನ್ನೊಬ್ಬ ಹೆಂಗಸು, ಇಂಥದ್ದು ಏನಾದರೂ ಇದ್ದಿದ್ದರೆ ಅವಳಿಗೆ ಏನು ಮಾಡಬೇಕೆಂದು ತಿಳಿಯುತ್ತಿತ್ತು. ಇದು ಎಂಥ ತಪ್ಪು? ಕೈಗೆ ಸಿಕ್ಕದ, ತೂಕಕ್ಕೆ ನಿಲ್ಲದ ತಪ್ಪು. ಆದರೆ ಒಂದು ಮಾತು ಕಿವಿಯಲ್ಲಿ ಕೂತುಬಿಟ್ಟಿತ್ತು: ಎಲ್ಲಾ ಅವರ ಹತ್ರಾನೇ. ಅಂದೂ ಹಾಗೆ, ಇಂದೂ ಹಾಗೆ. ಮನುಷ್ಯ ಎಳ್ಳಷ್ಟೂ ಬದಲಾಗಿಲ್ಲ ಎಂದು ಅವಳು ತೀರ್ಮಾನಿಸಿದಳು. ಪ್ರಯಾಣ ಬಿಡುವ ಮನಸ್ಸು ಬರಲಿಲ್ಲ. ಗಂಡನನ್ನು ಎದುರಿಗೆ ಕೂರಿಸಿ ಕೇಳುವ ಧೈರ್ಯವೂ ಬರಲಿಲ್ಲ. ಹಾಗಾಗಿ ತನಗೆ ಗೊತ್ತಿದ್ದ ಕೆಲಸ ಮಾಡಿದಳು. ಉಗ್ರಾಣ ತುಂಬಿಸಿದಳು.

ಗಂಡ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಒಂದೊಂದೇ ವಸ್ತು ಮನೆ ಸೇರಿತು. ಅಂಗೈಯಗಲದ ಸ್ಟವ್ವು, ಮಳೆಗೆ ಹೊದೆಯುವ ದಪ್ಪ ಟಾರ್ಪಾಲು, ಹಗ್ಗ, ಟಾರ್ಚು, ಪಂಕ್ಚರ್ ಹಾಕುವ ಸಾಮಾನು, ಇನ್ನೊಂದು ಪಂಪು, ಎರಡು ಕ್ಯಾನು ನೀರು, ಬಿಸ್ಕತ್ತು, ಅಕ್ಕಿ, ಉಪ್ಪು. ಬಟ್ಟೆಯ ಮಡಿಕೆಗಳ ನಡುವೆ ಒಂದೂ ಶಬ್ದ ಮಾಡದ ಹಾಗೆ ಅವನ್ನೆಲ್ಲ ಜೋಡಿಸಿದಳು. ಅಡಗಿಸಿಡುವವರ ಚಾಳಿಯನ್ನು ಹಿಡಿಯುವುದರಲ್ಲೇ ಕೂದಲು ನರೆದವಳಿಗೆ ಅಡಗಿಸಿಡುವುದು ಯಾವ ಮಹಾ ಕೆಲಸ! ಚೀಲದ ಹೊಟ್ಟೆ ಉಬ್ಬದಂತೆ ಅವಳು ನೋಡಿಕೊಂಡಳು. ಚಕ್ರದ ಕಡ್ಡಿಗಳು ಎಷ್ಟು ಭಾರ ತಡೆಯುತ್ತವೆ ಎಂದು ಮಾತ್ರ ನೋಡಲಿಲ್ಲ. ಉಗ್ರಾಣದ ಕಪಾಟುಗಳು ಗೋಡೆಗೆ ಬಿಗಿದವು, ಅವಕ್ಕೆ ಓಡಾಡುವ ಕೆಲಸವಿಲ್ಲ.

ಹೊರಡುವ ಮುಂಚಿನ ವಾರ, ಪೂರ್ತಿ ಸಾಮಾನು ಕಟ್ಟಿಕೊಂಡು ಒಂದು ದಿನದ ಮಟ್ಟಿಗೆ ಗುಡ್ಡದಾಚೆಯ ಕೆರೆಗೆ ಹೋಗಿ ಬರುವುದೆಂದು ಗಂಡ ಹೇಳಿದ. ಬೆಳಿಗ್ಗೆ ಹೊರಟರು. ಬಯಲಿನ ರಸ್ತೆ ಮುಗಿದು ಏರು ಶುರುವಾಗುತ್ತಿದ್ದಂತೆ ಅಕ್ಕನ ತೊಡೆಗಳು ಉರಿಯತೊಡಗಿದವು. ಹಿಂದೆ ಗಂಡನ ಸೈಕಲ್ಲಿನ ಕಿರುಗುಟ್ಟುವ ಸದ್ದು. ಅವನೂ ಏದುತ್ತಿದ್ದ. ಮುಂದೆ ಹೋಗಲಿ, ಈಗ ಹೋಗಲಿ, ಒಮ್ಮೆ ಗೊತ್ತಾಗಿಬಿಡಲಿ ಎಂದು ಅವಳು ಹಲ್ಲು ಕಚ್ಚಿ ತುಳಿದಳು. ಅವನು ಹೋಗಲಿಲ್ಲ. ಅಷ್ಟರಲ್ಲಿ ಅವಳ ಹಿಂದಿನ ಚಕ್ರದಲ್ಲಿ ಟಿಣ್ ಎಂದು ಏನೋ ಸಿಡಿಯಿತು. ಚಕ್ರ ಓಲಾಡಿ ಬ್ರೇಕಿಗೆ ಉಜ್ಜತೊಡಗಿತು.

"ನಿಲ್ಲು, ನಿಲ್ಲು. ಕಡ್ಡಿ ಹೋಯ್ತು." ಗಂಡ ಇಳಿದು ಬಂದು, ಚಕ್ರ ಬಿಚ್ಚಲೆಂದು ಅವಳ ಚೀಲವನ್ನು ಕೊಕ್ಕೆಯಿಂದ ಎತ್ತಿದ. ಎರಡು ಜೊತೆ ಬಟ್ಟೆಯಿದೆ ಎಂದುಕೊಂಡು ಒಂದೇ ಕೈಯಲ್ಲಿ ಎತ್ತಿದವನ ತೋಳು ಜಗ್ಗಿ, ಮನುಷ್ಯ ಮುಗ್ಗರಿಸಿದ. "ಏನಿದೆ ಇದರಲ್ಲಿ?"

"ಬಿಡಿ, ನನ್ನ ಚೀಲ ಅದು, ಕೊಡಿ ಇಲ್ಲಿ!" ಅಕ್ಕ ಪಟ್ಟಿ ಹಿಡಿದು ಎಳೆದಳು. ಚೀಲದ ಬಾಯಿ ಬಿಚ್ಚಿಕೊಂಡಿತು. ಸ್ಟವ್ವು ರಸ್ತೆಯ ಮೇಲೆ ಉರುಳಿತು. ಅದರ ಹಿಂದೆ ಪಂಪು, ಟಾರ್ಚು, ಅಕ್ಕಿಯ ಡಬ್ಬಿ. ಕೊನೆಗೆ ಒಂದು ಸ್ಟೀಲಿನ ತಟ್ಟೆ ಗಿರಗಿರನೆ ಸುತ್ತಿ ಅವನ ಕಾಲಬುಡದಲ್ಲಿ ಅಂಗಾತ ಬಿತ್ತು. ಒಂದು ಲೋಟ, ಒಂದು ಚಮಚ.

ಗಂಡ ಬಗ್ಗಿ ತಟ್ಟೆ ಎತ್ತಿಕೊಂಡ. ಇನ್ನೊಂದಿದೆಯೇ ಎಂದು ಚೀಲದೊಳಗೆ ಇಣುಕಿದ. ಇರಲಿಲ್ಲ. ಅವನು ಆ ತಟ್ಟೆಯ ಮಣ್ಣನ್ನು ಅಂಗಿಗೆ ಒರೆಸುತ್ತಾ ನಿಂತುಬಿಟ್ಟ. ಮಾತಾಡದವನ ಮುಖ ಅಷ್ಟು ಮಾತಾಡಿದ್ದನ್ನು ಅಕ್ಕ ಹಿಂದೆಂದೂ ಕಂಡಿರಲಿಲ್ಲ.

"ಮೊದಲಿನವಳ ಹತ್ರ ಹೋಗಿದ್ಯಾ?" ಎಂದ.

"ಹೋಗಿದ್ದೆ. ನೀವು ಹೇಳ್ಲಿಲ್ವಲ್ಲ, ಅದಕ್ಕೇ ಹೋಗಿದ್ದೆ."

"ಹೇಳೋಕೆ ನಾಚಿಕೆ ಆಯ್ತು." ಅವನು ರಸ್ತೆಯಂಚಿನ ಕಲ್ಲಿನ ಮೇಲೆ ಕೂತ. "ನನಗೆ ನನ್ನ ಕಾಲಿನ ಮೇಲೆ ನಂಬಿಕೆ ಇಲ್ಲ. ದೊಡ್ಡ ಹಲ್ಲುಚಕ್ರ ಇದ್ರೆ ಸಮ ರಸ್ತೇಲಿ ಅದು ತಾನಾಗೇ ಎಳ್ಕೊಂಡು ಹೋಗುತ್ತೆ, ಜೊತೆಗಿರೋರು ಮರೆತೇಹೋಗ್ತಾರೆ. ಅದಕ್ಕೇ ತೆಗೆಸ್ದೆ. ಭಾರ ಎಲ್ಲಾ ನಾನೇ ಹೊತ್ರೆ ಓಡೋಕಾಗಲ್ಲ, ನಿನ್ನ ಹಿಂದೇನೇ ಇರ್ತೀನಿ ಅಂತ... ನಿನಗೂ ಸುಲಭ ಆಗುತ್ತೆ ಅಂತ."

ಅಟ್ಟದ ಟವೆಲು, ಕಿಟಕಿ, ಹುಲ್ಲು, ಎಲ್ಲಕ್ಕೂ ಒಂದೇ ಸಲ ಉತ್ತರ ಸಿಕ್ಕಿತು. ಸಿಕ್ಕಿದ್ದಕ್ಕೆ ಅಕ್ಕನಿಗೆ ಸಮಾಧಾನವಾಗಬೇಕಿತ್ತು. ಆದದ್ದು ಕೋಪ.

"ನಿಮ್ಮ ಕಾಲಿಗೆ ನೀವು ಕಲ್ಲು ಕಟ್ಕೊಂಡ್ರೆ ನನಗೇನು ಬಂತು? ಎಲ್ಲಾ ನಿಮ್ಮ ಹತ್ರಾನೇ ಇದೆಯಲ್ಲ! ನನ್ನ ಹತ್ರ ಏನಿತ್ತು? ನೀವು ಇವತ್ತು ಹಿಂದೆ ಬರ್ತೀರಿ, ನಾಳೆ ಮರೆತು ಮುಂದೆ ಹೋಗ್ತೀರಿ. ಆಗ ನಾನು ನಿಮ್ಮ ಬೆನ್ನು ನೋಡ್ಕೊಂಡು ಉಪವಾಸ ಓಡಿ ಬರ್ಬೇಕಾ? ಅವರ ಹತ್ರ ನೀರೂ ಇರ್ಲಿಲ್ವಂತೆ. ನನಗೆ ಭಾರ ಬೇಕು ರೀ! ಭಾರ ಇದ್ರೆ ಧೈರ್ಯ ನನಗೆ."

ಭಾರ ಹೊರುವುದೇ ಪ್ರೀತಿ ಎಂದುಕೊಂಡಿದ್ದವನಿಗೆ, ಹೊರುತ್ತಾ ಹೊರುತ್ತಾ ಎದುರಿನವರ ಕೈ ಖಾಲಿ ಮಾಡುತ್ತಿದ್ದೇನೆ ಎಂಬುದು ಎರಡು ಮದುವೆಯಾದರೂ ಹೊಳೆದಿರಲಿಲ್ಲ. ಲಿಫ್ಟಿನಲ್ಲಿ ಕೂರುವವರು ಭಾರ, ಎತ್ತುವುದು ತಾನು ಎಂದೇ ಅವನ ಕೆಲಸ ಅವನಿಗೆ ಕಲಿಸಿತ್ತು.

ಆಮೇಲೆ ಅವನು ಎದ್ದು, ಮುರಿದ ಕಡ್ಡಿಯನ್ನು ಪಕ್ಕದ ಕಡ್ಡಿಗೆ ಸುತ್ತಿ, ಅಕ್ಕಪಕ್ಕದವನ್ನು ತುಸು ಬಿಗಿದು ತುಸು ಸಡಿಲಿಸಿ, ಚಕ್ರ ಉಜ್ಜದೆ ತಿರುಗುವಂತೆ ಮಾಡಿದ. "ಈ ಚಕ್ರದ ಮೇಲೆ ಇನ್ನು ಭಾರ ಹಾಕೋಹಾಗಿಲ್ಲ," ಎಂದು ತಗ್ಗಿದ ದನಿಯಲ್ಲಿ, ತಪ್ಪು ತನ್ನದೇ ಎಂಬಂತೆ ಹೇಳಿದ.

ಅಕ್ಕ ಉರುಳಿದ್ದನ್ನೆಲ್ಲ ಆರಿಸಿಕೊಂಡು, ಜಾಗ ಮಾಡಲು ಅವನ ಚೀಲ ಬಿಚ್ಚಿದಳು. ಎಲ್ಲವನ್ನೂ ತಳದ ತನಕ ತಡಕುವವಳು ಇಷ್ಟು ದಿನ ಆ ಚೀಲಕ್ಕೆ ಕೈಹಾಕಿರಲಿಲ್ಲ. ಏನು ಸಿಗುವುದೋ ಎಂಬ ಭಯ. ಮೇಲೆಯೇ ಎರಡು ತಟ್ಟೆ ಒಂದರೊಳಗೊಂದು ಕೂತಿದ್ದವು. ಎರಡು ಲೋಟ. ಅವಳು ದಿನಾ ನುಂಗುವ ಮಧುಮೇಹದ ಮಾತ್ರೆಗಳು ಪುಟ್ಟ ಡಬ್ಬಿಯಲ್ಲಿ, ಅದರ ಪಕ್ಕ ಬಿಸಿಲಿನಲ್ಲಿ ಸಕ್ಕರೆ ಇಳಿದು ಸಂಕಟವಾದರೆ ಬೇಕೆಂದು ಬೆಲ್ಲದ ಚೂರು. ಅಕ್ಕ ತನ್ನ ಒಂಟಿ ತಟ್ಟೆಯನ್ನು ಅವುಗಳ ಕೆಳಗೆ, ಕಾಣದ ಹಾಗೆ, ತುರುಕಿದಳು. ಅವಳಿಗೆ ಅಳು ಬಂತು. ಅತ್ತರೆ ಏರು ಹತ್ತಲು ಉಸಿರು ಸಾಲದು ಎಂದು ನುಂಗಿಕೊಂಡಳು.

ಆಮೇಲೆ ಟೆಂಟಿನ ಸುರುಳಿಯನ್ನು ಅವನ ಕ್ಯಾರಿಯರಿನಿಂದ ಬಿಚ್ಚಿ ಕೈಗೆತ್ತಿಕೊಂಡಳು. "ಇದೊಂದು ನನ್ನ ಹತ್ರ ಇರ್ಲಿ. ಚಕ್ರ ಇಷ್ಟಾದ್ರೂ ತಡೀಬೇಕು."

"ತಡೆಯುತ್ತೆ."

"ಮನೆಗೆ ಹೋಗಿ ಆ ದೊಡ್ಡ ಹಲ್ಲುಚಕ್ರ ವಾಪಸ್ ಹಾಕಿಸ್ಕೊಳ್ಳಿ. ನೀರು, ಸ್ಟವ್ವು, ಪಂಪು ನನ್ನ ಸೈಕಲ್ಲಿಗೂ ಒಂದೊಂದು. ಗಟ್ಟಿ ಚಕ್ರ ಕಟ್ಟಿಸ್ಕೊಡಿ ನನಗೆ. ಆಮೇಲೆ ನೀವು ಎಷ್ಟು ಮುಂದೆ ಬೇಕಾದ್ರೂ ಹೋಗಿ. ಮಲಗೋಕೆ ಟೆಂಟಿನ ಹತ್ರಾನೇ ಬರ್ಬೇಕು." ಹಗ್ಗ ಬಿಗಿದು ಗಂಟು ಹಾಕಿದಳು. "ಈಗ ಹೋಗಿ. ಮುಂದೆ ಹೋಗಿ. ನಾನು ಬರ್ತೀನಿ."

"ಇಲ್ಲ, ನಾನು ಹಿಂದೇನೇ..."

"ಹೋಗಿ ಅಂದೆ."

ಅವನು ಹೋದ. ಟೆಂಟು ಬಿಟ್ಟು ಎರಡೂ ಸೈಕಲ್ಲಿನ ಭಾರ ಹೊತ್ತಿದ್ದರೂ ಆ ಉದ್ದ ಕಾಲುಗಳು ತುಳಿದವು. ಒಂದು ತಿರುವು, ಇನ್ನೊಂದು ತಿರುವು, ಬೆನ್ನು ಚಿಕ್ಕದಾಗುತ್ತಾ ಮರಗಳ ಹಿಂದೆ ಕಾಣದಾಯಿತು. ಅಕ್ಕ ಒಬ್ಬಳೇ ಉಳಿದಳು. ಹೋಗು ಎಂದವಳು ತಾನೇ, ಆದರೂ ಎದೆ ಬಡಿದುಕೊಳ್ಳತೊಡಗಿತು. ನೋಡು, ಒಂದು ಸಲವಾದರೂ ತಿರುಗಿದನೇ? ಕನ್ನಡಕದಂಗಡಿಯ ಹೆಂಗಸು ಕಂಡ ಬೆನ್ನು ಇದೇ. ಅವಳು ತುಳಿದಳು, ನಿಂತಳು, ಮತ್ತೆ ತುಳಿದಳು. ಕೊನೆಯ ಏರಿನಲ್ಲಿ ಇಳಿದು ತಳ್ಳಿಕೊಂಡೇ ಹೋದಳು. ಕಣ್ಣಿಗೆ ಬೆವರು ಇಳಿದು ರಸ್ತೆಯೆಲ್ಲ ಮಸುಕಾಯಿತು.

ತುದಿಯಲ್ಲಿ ಅವನಿದ್ದ. ಸೈಕಲ್ಲನ್ನು ಮರಕ್ಕೆ ಒರಗಿಸಿ, ಬೂಟು ಕಾಲುಚೀಲ ಎರಡನ್ನೂ ಬಿಚ್ಚಿಟ್ಟು, ಬರಿಗಾಲು ಚಾಚಿ ಹುಲ್ಲಿನ ಮೇಲೆ ಕೂತಿದ್ದ. ಅವಳು ಸೈಕಲ್ಲು ನಿಲ್ಲಿಸಿ, ಹ್ಯಾಂಡಲಿನ ಮೇಲೆ ಬಾಗಿ, ಅವನು ಜಿಗಿದು ಏಳುವುದನ್ನು ಕಾದಳು. ಅವನು ಏಳಲಿಲ್ಲ. ನೀರಿನ ಕ್ಯಾನನ್ನು ಅವಳ ಕಡೆಗೆ ಸರಿಸಿದ, ಅಷ್ಟೇ. ಅವಳು ಬೇಕೆಂದೇ ನಿಧಾನಕ್ಕೆ ಕುಡಿದಳು. ಮುಖ ತೊಳೆದಳು. ಕೂದಲು ಬಿಚ್ಚಿ ಮತ್ತೆ ಕಟ್ಟಿದಳು. ಓರೆಗಣ್ಣಿನಿಂದ ಅವನ ಬೂಟುಗಳನ್ನು ನೋಡುತ್ತಲೇ ಇದ್ದಳು. ಅವು ಇದ್ದಲ್ಲೇ ಇದ್ದವು. ಕೊನೆಗೆ ಅವನ ಪಕ್ಕ ಹುಲ್ಲಿನ ಮೇಲೆ ಕೂತಳು. ಕೆಳಗೆ ಕೆರೆ ಹೊಳೆಯುತ್ತಿತ್ತು.

"ಹೊರಡೋಣ್ವಾ?" ಎಂದು ಪರೀಕ್ಷೆಗೆಂದೇ ಕೇಳಿದಳು.

ಅವನು ಅವಳ ಕಡೆ ಕಿವಿಗೊಟ್ಟ. "ನಿನ್ನ ಉಸಿರು ಇನ್ನೂ ಇಳಿದಿಲ್ಲ," ಎಂದ.

ಮರದ ನೆರಳು ಅವರ ಕಾಲು ದಾಟಿ ರಸ್ತೆಯ ತನಕ ಹೋಯಿತು. ಉಸಿರು ಇಳಿದು ಬಹಳ ಹೊತ್ತಾಗಿತ್ತು. ಅಕ್ಕ ಅದನ್ನು ಅವನಿಗೆ ಹೇಳಲಿಲ್ಲ.